ಕೈ ಅಡ್ಡ ಹಿಡಿದರೆ

ಆ ಮನೆಯಲ್ಲಿ ಊಟಕ್ಕೆ ಕೂತವರು 'ಸಾಕು' ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಂದ ತಕ್ಷಣ ಇನ್ನೊಂದು ಸೌಟು ಬೀಳುತ್ತಿತ್ತು. ಮತ್ತೆ ಅಂದರೆ ಮತ್ತೆ ಅರ್ಧ ಸೌಟು. ನಿಜವಾಗಿ ಹೊಟ್ಟೆ ತುಂಬಿದವರು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯಬೇಕಿತ್ತು. ಬಾಯಿ ನಾಚಿಕೊಂಡು ಸುಳ್ಳು ಹೇಳುತ್ತದೆ, ಕೈ ಹೇಳುವುದಿಲ್ಲ. ಇದು ಮುದುಕಿಯ ಕಾನೂನು. ಸೊಂಟ ಬಗ್ಗುವವರೆಗೂ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಡಿಸಿದವಳು ಅವಳು. ಕೆಲಸಗಾರರು ಸೌಟಮ್ಮ ಅಂತಲೇ ಕರೆಯುತ್ತಿದ್ದರು. ಎಷ್ಟೇ ನೂಕುನುಗ್ಗಲಿದ್ದರೂ ಅಡ್ಡ ಹಿಡಿದ ಕೈಯ ಮೇಲೆ ಅವಳು ಒಂದು ತೊಟ್ಟೂ ಬೀಳಿಸಿದವಳಲ್ಲ.

ಈಗ ಸೌಟಮ್ಮನಿಗೆ ಸೌಟು ಯಾವುದು, ಬಾಚಣಿಗೆ ಯಾವುದು ಗೊತ್ತಾಗುತ್ತಿರಲಿಲ್ಲ. ಮರೆವು ಮೊದಲು ಬೀದಿಯನ್ನು ನುಂಗಿತು, ಆಮೇಲೆ ಮನೆಯವರ ಮುಖಗಳನ್ನು, ಆಮೇಲೆ ಕಕ್ಕಸಿನ ದಾರಿಯನ್ನು. ಸೊಸೆ ತೊಳೆಯುವಷ್ಟು ದಿನ ತೊಳೆದಳು. ಮುದುಕಿ ಗ್ಯಾಸ್ ತಿರುಗಿಸಿಟ್ಟು ಬೆಂಕಿಪೊಟ್ಟಣ ಹುಡುಕುತ್ತ ನಿಂತಿದ್ದನ್ನು ಕಂಡ ದಿನ, "ಇವರಿರಬೇಕು, ಇಲ್ಲಾ ನಾನಿರಬೇಕು" ಅಂದುಬಿಟ್ಟಳು. ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿ ಮರೆವಿನ ಮುದುಕರನ್ನು ನೋಡಿಕೊಳ್ಳುವ ಹೋಮ್ ಇತ್ತು. ಅಲ್ಲಿಗೆ ಸೇರಿಸಿದರು.

ಮನೆಯಲ್ಲಿ ನಾಲ್ವರು ಉಳಿದರು. ಮಗ ಪ್ಲಂಬರ್. ಅವನ ಹೆಂಡತಿ ಬಿಸ್ಕತ್ತು ಕಾರ್ಖಾನೆಯಲ್ಲಿ ಒಲೆಯ ಮುಂದೆ ನಿಲ್ಲುವವಳು. ಅವರ ಹುಡುಗಿ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮುಂದಿನ ಕೋಣೆಯಲ್ಲಿ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದವಳು ಪ್ಲಂಬರನ ತಂಗಿ. ಗಂಡನನ್ನು ಬಿಟ್ಟು ಬಂದವಳು, ಬಾಯಿ ಅವಳ ಕತ್ತರಿಗಿಂತ ಹರಿತ. ಅವಳು ಮುದುಕಿಯ ಹೊಟ್ಟೆಯಲ್ಲಿ ಹುಟ್ಟಿದವಳು. ಪ್ಲಂಬರ್ ಅಲ್ಲ. ಅವನು ಮುದುಕಿಯ ಅಕ್ಕನ ಮಗ. ಅಕ್ಕ ಸತ್ತಾಗ ಹಾಲುಹಲ್ಲಿನ ಹುಡುಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದವಳು, ಆಮೇಲೆ ಇಳಿಸಲೇ ಇಲ್ಲ. ಸಾಕುಮಗ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡಕೂಡದು. ಪಕ್ಕದ ಮನೆಯವಳೊಬ್ಬಳು ಒಮ್ಮೆ ಬಾಯಿ ತಪ್ಪಿ ಆಡಿದ್ದಕ್ಕೆ ಸೌಟಮ್ಮ ಸೌಟಿನಲ್ಲೇ ಅವಳ ಭುಜಕ್ಕೆ ಬಾರಿಸಿದ್ದಳು.

ತಂಗಿ ದಿನಾ ಮಧ್ಯಾಹ್ನ ಡಬ್ಬಿಯಲ್ಲಿ ಗಂಜಿ ತುಂಬಿಕೊಂಡು ಹೋಮಿಗೆ ಹೋಗುತ್ತಿದ್ದಳು. ಮುದುಕಿ ಚಮಚದಷ್ಟು ಗಂಜಿಯನ್ನು ಬಾಯೊಳಗೆ ಇಟ್ಟುಕೊಂಡು ಮರೆತುಬಿಡುತ್ತಿದ್ದಳು. ಅದು ಕೆನ್ನೆಯಲ್ಲೇ ಕೂತು ತಣ್ಣಗಾಗುತ್ತಿತ್ತು.

"ನುಂಗಮ್ಮ."

"ಸಾಕು."

"ಸಾಕಂತೆ ಸಾಕು! ನಮಗೆಲ್ಲ ಮಾಡಿದ್ದನ್ನ ಈಗ ನಿನಗೇ ಮಾಡ್ತೀನಿ ನೋಡು. ಹೂಂ, ಇನ್ನೊಂದು."

ಪಕ್ಕದ ಮಂಚದ ಹಾಸಿಗೆ ಬದಲಾಯಿಸುತ್ತಿದ್ದ ಆಯಾ ತಿರುಗಿ ನೋಡಿದಳು. "ಅಕ್ಕಾ, ಮೊದಲಿಂದು ಒಳಗೆ ಹೋಗ್ಲಿ."

"ನೀನು ಹಾಸಿಗೆ ನೋಡ್ಕೋ. ನೀವು ಸರಿಯಾಗಿ ತಿನ್ನಿಸಿದ್ರೆ ನಾನ್ಯಾಕೆ ಬರ್ತಿದ್ದೆ? ಮೂಳೆ ಚಕ್ಕಳ ಆಗಿದಾಳೆ."

ಆಯಾಗೂ ಅದೇ ಬೇಕಿತ್ತು. ಒಬ್ಬರಿಗೆ ತಿನ್ನಿಸುವ ಕೆಲಸ ತಪ್ಪಿತು ಅಂತ ಮುಂದಿನ ಮಂಚಕ್ಕೆ ಹೋದಳು.

ತಂಗಿ ಗಲ್ಲ ಒತ್ತಿ ಬಾಯಿ ಬಿಡಿಸಿದಳು. ಮುದುಕಿಯ ಬಲಗೈ ಮೇಲೆದ್ದು ಬಟ್ಟಲಿನ ಮೇಲೆ ಬಂದು ನಿಂತಿತು. ಅಂಗೈ ಕೆಳಗೆ, ಬೆರಳು ಬಿಡಿಸಿಕೊಂಡು. ತಂಗಿ ಅದನ್ನು ನೊಣ ಓಡಿಸಿದ ಹಾಗೆ ಆಚೆಗೆ ಸರಿಸಿ ಚಮಚ ತುರುಕಿದಳು. ಮುದುಕಿ ಕೆಮ್ಮಿದಳು, ಕೆಮ್ಮುತ್ತ ಕಣ್ಣು ಮೇಲೆ ಮಾಡಿದಳು, ತುಟಿ ನೀಲಿಯಾಯಿತು. ಸಂಜೆ ಹೊತ್ತಿಗೆ ಜ್ವರ. ಗಂಜಿ ಎದೆಗೆ ಇಳಿದಿತ್ತು.

ಜ್ವರ ಬಿಟ್ಟ ಮೇಲೆ ಹೋಮಿನ ಡಾಕ್ಟರು ಮನೆಯವರನ್ನು ಕರೆಸಿದರು. ಹೊಸದಾಗಿ ಬಂದ ಹೆಂಗಸು. ಅವರು ಬರುವ ಮೊದಲು ಅಲ್ಲಿ ಯಾರಿಗೆ ಮೇಲುಸಿರು ಬಂದರೂ ಆಂಬುಲೆನ್ಸಿಗೆ ಹೇರಿ ಕಳಿಸುತ್ತಿದ್ದರು. ಮುದುಕರು ದಾರಿಯಲ್ಲೋ ಗುರುತಿಲ್ಲದ ವಾರ್ಡಿನಲ್ಲೋ ಸಾಯುತ್ತಿದ್ದರು. ಅದನ್ನು ನಿಲ್ಲಿಸಬೇಕು ಅಂತ ಡಾಕ್ಟರು ಹಟ ತೊಟ್ಟಿದ್ದರು.

"ನಿಮ್ಮ ತಾಯಿಯ ಕಾಯಿಲೆ ಕೊನೆಗೆ ಬಂದಿದೆ. ನುಂಗೋದನ್ನೇ ಮರೀತಿದಾರೆ. ಬಲವಂತ ಬೇಡ. ಬಾಯಿ ತೆಗೆದ್ರೆ ಒಂದು ಚಮಚ, ಮುಚ್ಚಿದ್ರೆ ಬಿಟ್ಟುಬಿಡಿ. ತುಟಿ ಒಣಗದ ಹಾಗೆ ನೋಡ್ಕೊಳ್ಳೋಣ. ನೋವಿಗೆ ಔಷಧಿ ಕೊಡ್ತೀನಿ. ಇಲ್ಲೇ, ಅವರ ಮಂಚದಲ್ಲೇ, ನೀವು ಕೈ ಹಿಡ್ಕೊಂಡು ಕೂತಿರುವಾಗ ಹೋಗ್ಲಿ."

"ಮೂಗಿಗೆ ಪೈಪ್ ಹಾಕ್ತಾರಲ್ಲ ಡಾಕ್ಟ್ರೇ, ಅದು?" ಅಂದ ಪ್ಲಂಬರ್.

"ಹಾಕಬಹುದು. ಈ ಹಂತದಲ್ಲಿ ಅದರಿಂದ ಆಯಸ್ಸು ಹೆಚ್ಚಾಗಲ್ಲ. ಎದೆಗೆ ಇಳಿಯೋದೂ ನಿಲ್ಲಲ್ಲ. ಅದು ಯಾಕೆ ಅಂತ ಅವರಿಗೆ ಗೊತ್ತಾಗಲ್ವಲ್ಲ, ಕಿತ್ಕೊಳ್ತಾರೆ. ಆಗ ಕೈ ಕಟ್ಟಬೇಕಾಗತ್ತೆ."

"ಮತ್ತೆ ಹಸಿವು?"

"ನಮ್ಮ ನಿಮ್ಮ ಹಸಿವಿನ ಹಾಗಲ್ಲ ಅದು. ದೇಹ ಅಂಗಡಿ ಮುಚ್ಚುವಾಗ ಹಸಿವೂ ಕಡಿಮೆ ಆಗ್ತಾ ಬರತ್ತೆ."

ಪ್ಲಂಬರನಿಗೆ ಅರ್ಥವಾಯಿತು. ತುಕ್ಕು ಹಿಡಿದ ಕೊಳಾಯಿಗೆ ಒತ್ತಡ ಹೆಚ್ಚಿಸಿದರೆ ಏನಾಗುತ್ತದೆ ಅಂತ ಅವನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. "ಆಯ್ತು. ನೀವು ಹೇಳಿದ ಹಾಗೇ ಮಾಡಿ" ಅಂದ. ಜೊತೆಗೆ ಬಂದಿದ್ದ ತಂಗಿ ದಾರಿಯುದ್ದಕ್ಕೂ ಮಾತು ಕೂಡಿಟ್ಟುಕೊಂಡಳು, ಊಟದ ಹೊತ್ತಿಗೆ ಅಂತ.

ಅನ್ನಕ್ಕೆ ಪ್ಲಂಬರ್ ಕೈ ಹಾಕಿದ್ದನೋ ಇಲ್ಲವೋ, ಶುರುಮಾಡಿದಳು.

"ಇಳಿಯುತ್ತಾ ನಿನಗೆ ಗಂಟಲಲ್ಲಿ?"

"ಏನೇ ಅದು?"

"ಅಮ್ಮನ ಊಟ ನಿಲ್ಲಿಸಿ ಬಂದು ಇಲ್ಲಿ ಕಲಸ್ಕೊಂಡು ತಿಂತಿದೀಯಲ್ಲ, ಇಳಿಯುತ್ತಾ ಅಂದೆ."

"ನಿಲ್ಲಿಸಿ ಅಂತ ಯಾರಂದ್ರು? ಬಲವಂತ ಬೇಡ ಅಂದ್ರು. ಕಿವಿ ಎಲ್ಲಿಟ್ಟಿದ್ದೆ?"

"ಡಾಕ್ಟ್ರಿಗೇನು, ಮಂಚ ಖಾಲಿ ಆಗ್ಬೇಕು."

ಅತ್ತಿಗೆ ನೀರಿನ ಲೋಟ ಕುಕ್ಕಿದಳು. "ಟೈಲರಮ್ಮ, ಎದೆಗೆ ಇಳಿಯೋ ಹಾಗೆ ತುರುಕಿದ್ದು ಯಾರು? ದಿಂಬಿಗೆ ಹತ್ತಿ ತುಂಬೋ ಹಾಗೆ?"

"ನಾನು ತಿನ್ನಿಸ್ತಿದ್ದೆ ಅತ್ತಿಗೆ. ನೀವು ಮನೆಯಿಂದ ಆಚೆ ಹಾಕಿದ್ರಿ."

"ಹಾಕಿದೆ. ನಾನು ನಿಮ್ಮಮ್ಮನ ಉಚ್ಚೆ ಬಟ್ಟೆ ಒಗೆಯುವಾಗ ನೀನು ಬಾಗಿಲು ಮುಚ್ಕೊಂಡು ಕಾಜಾ ಹೊಲೀತಿದ್ದೆ. ಒಂದಿನ ಬಕೆಟ್ಟು ಮುಟ್ಟಿದ್ಯಾ?"

"ಅತ್ತೆ, ಅಮ್ಮ, ಊಟ ಮಾಡೋಣ್ವಾ?" ಅಂದಳು ಹುಡುಗಿ. "ಪಕ್ಕದ ಮನೆಯವರು ಟಿವಿ ಸೌಂಡು ಕಮ್ಮಿ ಮಾಡ್ಕೊಂಡಿದಾರೆ, ನಮ್ಮದು ಕೇಳೋಕೆ."

ತಂಗಿ ತಟ್ಟೆ ಬಿಟ್ಟು ಎದ್ದಳು. ಅವಳ ಕಣ್ಣು ಅಣ್ಣನ ಮೇಲೇ ಇತ್ತು.

"ಹೆತ್ತ ಮಗ ಆಗಿದ್ದಿದ್ರೆ ಹೀಗೆ ಉಪವಾಸ ಕೆಡವಿ ಸಾಯಿಸ್ತಿದ್ಯಾ? ಸಾಕುಮಗನ ಬುದ್ಧಿ ಕೊನೆಗೂ ತೋರಿಸಿದೆ."

ಪ್ಲಂಬರ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ವಾಪಸು ಇಟ್ಟ. ಕೈ ತೊಳೆದ, ಒರೆಸಿಕೊಂಡ, ಚಪ್ಪಲಿ ಮೆಟ್ಟಿ ಹೊರಟ. ಪೈಪ್ ಹಾಕದಿದ್ದರೆ ಅಮ್ಮನನ್ನು ಹೊತ್ತುಕೊಂಡು ಬೇರೆ ಕಡೆ ಹೋಗುತ್ತೇನೆ ಅಂತ ಹೋಮಿನ ಬಾಗಿಲಲ್ಲಿ ನಿಂತು ಕೂಗಾಡಿದ. ಡಾಕ್ಟರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದರು. ಅವನ ಕಿವಿಯಲ್ಲಿ ಇದ್ದದ್ದು ಒಂದೇ ಮಾತು, ಅದನ್ನು ಆಡಿದವರು ಡಾಕ್ಟರಲ್ಲ. ತಾಯಿಯ ಪರವಾಗಿ ತೀರ್ಮಾನ ಹೇಳುವವನು ಮಗ ಅಂತ ಸೇರಿಸುವಾಗಲೇ ಬರೆಸಿದ್ದರು. ಮಗ ಹೇಳಿದ. ಹಾಕಿದರು.

ಮುದುಕಿ ಅದನ್ನು ಮೊದಲ ದಿನವೇ ಕಿತ್ತೆಸೆದಳು. ಮತ್ತೆ ಹಾಕಿದರು. ಮತ್ತೆ ಕಿತ್ತಳು, ಮೂಗಿನಲ್ಲಿ ರಕ್ತ ಬಂತು. ಡಾಕ್ಟರು ಮಂಚಕ್ಕೆ ಕೈ ಕಟ್ಟಿಸಲು ಸುತರಾಂ ಒಪ್ಪಲಿಲ್ಲ. ಬೇಕಾದರೆ ಬೆರಳಿಗೆ ಹಿಡಿತ ಸಿಗದ ಹಾಗೆ ದಪ್ಪ ಕೈಗವಸು ತಂದು ಹಾಕಿ, ಅದೂ ಸ್ವಲ್ಪ ದಿನಕ್ಕೆ ಅಂದರು.

"ನೀನೇ ಹೊಲಿದುಕೊಡು" ಅಂದ ಪ್ಲಂಬರ್ ತಂಗಿಗೆ. "ನಿನ್ನ ಮಾತಿಗೇ ತಾನೆ ಹಾಕಿಸಿದ್ದು."

"ನನ್ನ ಯಂತ್ರದಲ್ಲಿ ಅದನ್ನ ಹೊಲಿಯಲ್ಲ."

"ಬಿಡಿ, ಇವಳ ಹಂಗೇನು" ಅಂದಳು ಹೆಂಡತಿ. ಮಾರನೆಯ ದಿನ ಕಾರ್ಖಾನೆಯ ಸ್ಟೋರಿನಿಂದ ಒಂದು ಜೊತೆ ತಂದಳು, ಬಿಸಿ ತಟ್ಟೆಗಳನ್ನು ಒಲೆಯಿಂದ ಎಳೆಯಲು ಹಾಕಿಕೊಳ್ಳುವಂಥದ್ದು. ಹೆಬ್ಬೆರಳಿಗೊಂದು ಮನೆ, ಉಳಿದ ನಾಲ್ಕಕ್ಕೂ ಸೇರಿ ಒಂದು ಮನೆ, ಮೊಣಕೈವರೆಗೆ ಉದ್ದ, ಒಳಗೆ ಹತ್ತಿ, ಹೊರಗೆ ಕರಕಲು ಕಲೆ. ಮುದುಕಿಯ ಕಡ್ಡಿಯಂಥ ತೋಳಿಗೆ ಅವು ಜಾರುತ್ತಿದ್ದವು. ಪ್ಲಂಬರ್ ಜೇಬಿನಿಂದ ಕೊಳಾಯಿ ತಿರುಪಿಗೆ ಸುತ್ತುವ ಬಿಳಿ ಟೇಪು ತೆಗೆದು ಮಣಿಕಟ್ಟಿನ ಸುತ್ತ ಸುತ್ತಿದ, ಉರುಳೆ ಮುಗಿಯುವವರೆಗೂ.

"ಇನ್ನು ಬಿಚ್ಚಲ್ಲ ಇದು" ಅಂದ. ಕೆಲಸ ಚೆನ್ನಾಗಿ ಆಗಿತ್ತು.

ಅವತ್ತಿನಿಂದ ದಿನಾ ಬರತೊಡಗಿದ. ಮೊದಲೆಲ್ಲ ಹಬ್ಬಕ್ಕೋ ಹುಣ್ಣಿಮೆಗೋ ಅನ್ನುವ ಹಾಗೆ ಬರುತ್ತಿದ್ದವನು ಈಗ ಕೆಲಸದ ಚೀಲ ಹೆಗಲಿಗೇರಿಸಿಕೊಂಡೇ ಬಂದು ಪೈಪು ಎಲ್ಲಿ ಮಡಿಸಿಕೊಂಡಿದೆ, ಮೇಲಿನ ಚೀಲದಿಂದ ಎಷ್ಟು ಬೇಗ ತೊಟ್ಟಿಕ್ಕುತ್ತಿದೆ ಅಂತ ಪರೀಕ್ಷೆ ಮಾಡುತ್ತಿದ್ದ. ಒಂದು ದಿನ ಮನೆಗೆ ಬಂದವನ ಮುಖ ಅರಳಿತ್ತು.

"ಅಮ್ಮ ನನ್ನನ್ನ ಗುರುತು ಹಿಡಿದಳು ಇವತ್ತು."

"ಹೌದಾ! ಏನಂದ್ರು?" ಅಂದಳು ಹೆಂಡತಿ.

"ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಸಾಕು ಅಂದಳು. ಸಾಕು, ಸಾಕು ಅಂತ ಬಿಡದೆ. ನನ್ನನ್ನ ಸಾಕು ಅಂತ. ನಾನು ನಿನ್ನನ್ನ ಸಾಕಿದೆ, ಈಗ ನೀನು ನನ್ನನ್ನ ಸಾಕು ಅಂತ."

ಹುಡುಗಿ ತಟ್ಟೆ ಹಾಕುತ್ತಿದ್ದವಳು ನಿಂತಳು. "ಅಪ್ಪ, ಸಾಕು ಅಂದ್ರೆ ನಿಲ್ಲಿಸಿ ಅಂತ."

"ನಿಮ್ಮಜ್ಜಿ ಯಾವತ್ತಮ್ಮ ಸಾಕು ಅಂದ್ರೆ ನಿಲ್ಲಿಸಿದ್ದು?"

"ಅಜ್ಜಿ ಬಡಿಸುವಾಗಿನ ಮಾತು ಅದು. ಈಗ ಅವಳ ಹೊಟ್ಟೆಗೇ ಸುರೀತಿರೋದು."

"ಮೊಬೈಲಿಗೆ ಕವರ್ ಹಾಕೋ ಕೆಲಸ ನಿಂದು. ಅದನ್ನ ಮಾಡು."

ತಂಗಿ ಗಂಜಿ ಡಬ್ಬಿ ಇಲ್ಲದೆ ಹೋಮಿಗೆ ಹೋಗುತ್ತಿದ್ದಳು. ಕೈಯಲ್ಲಿ ಏನೂ ಇಲ್ಲದೆ ಮಂಚದ ಪಕ್ಕ ಕೂರುವುದು ಅವಳಿಗೆ ಗೊತ್ತಿರಲಿಲ್ಲ. ಮೂಗಿನ ಪೈಪಿನ ಅಂಟುಪಟ್ಟಿ ಮುದುಕಿಯ ಕೆನ್ನೆಯನ್ನು ಒಂದು ಕಡೆ ಎಳೆದಿತ್ತು. ಹೊಟ್ಟೆ ಉಬ್ಬಿತ್ತು. ಹೊಟ್ಟೆಯೊಳಗೆ ಗುಳಗುಳ ಅಂದಾಗಲೆಲ್ಲ ಒಂದು ಕೈಗವಸು ನಿಧಾನವಾಗಿ ಮೇಲೇಳುತ್ತಿತ್ತು. ಎದ್ದು ಎದೆಯ ಮುಂದೆ ಗಾಳಿಯಲ್ಲಿ ಅಡ್ಡಡ್ಡ ನಿಲ್ಲುತ್ತಿತ್ತು. ಕೆಳಗೆ ತಟ್ಟೆ ಇರಲಿಲ್ಲ. ಸ್ವಲ್ಪ ಹೊತ್ತು ನಿಂತು, ಭಾರ ತಾಳದೆ ಬೀಳುತ್ತಿತ್ತು. ಮತ್ತೆ ಏಳುತ್ತಿತ್ತು.

ತಂಗಿ ಅದನ್ನು ನೋಡಿದಳು. ಅದೇನೆಂದು ಅವಳಿಗೆ ಗೊತ್ತಿತ್ತು. ಗಂಜಿ ತುರುಕಿದ ದಿನವೂ ಗೊತ್ತಿತ್ತು.

ಅವತ್ತು ಸಂಜೆ ಅಣ್ಣ ಕೈಕಾಲು ತೊಳೆಯುವವರೆಗೂ ಕಾದಳು.

"ಅಣ್ಣ, ತೆಗೆಸಿಬಿಡು."

"ಏನನ್ನ?"

"ಪೈಪು."

"ಯಾಕೆ? ಸೋರ್ತಿಲ್ಲ, ಕಟ್ಕೊಂಡಿಲ್ಲ. ಊಟ ಸಲೀಸಾಗಿ ಹೋಗ್ತಿದೆ."

"ಅವಳಿಗೆ ಬೇಡ ಅದು. ಕೈ ಅಡ್ಡ ಇಡ್ತಿದಾಳೆ. ನಾನು ಆಡಬಾರದ ಮಾತು ಆಡಿದೆ, ತಪ್ಪಾಯ್ತು. ಕಾಲು ಹಿಡೀಲಾ?"

"ಕಾಲು ಬೇಡ. ಬಾಯಲ್ಲಿ ಹೇಳು." ಪ್ಲಂಬರ್ ಕುರ್ಚಿ ಎಳೆದುಕೊಂಡು ಕೂತ. ಹೆಂಡತಿಯನ್ನೂ ಹುಡುಗಿಯನ್ನೂ ಕರೆದ. "ಹೆತ್ತ ಮಗಳು ನೀನು. ಊಟ ನಿಲ್ಲಿಸಿ, ನಮ್ಮಮ್ಮ ಸಾಯಲಿ ಅಂತ ಇವರ ಮುಂದೆ ಹೇಳು. ನಾಳೆನೇ ತೆಗೆಸ್ತೀನಿ."

"ಅಪ್ಪ, ಏನಿದು?" ಅಂದಳು ಹುಡುಗಿ.

"ನೀನು ಸುಮ್ನಿರು. ಹೇಳೇ."

ತಂಗಿ ಗೋಡೆ ನೋಡಿದಳು. "ಊಟ ನಿಲ್ಲಿಸಿ" ಅಂದಳು.

"ಪೂರ್ತಿ."

"ನಮ್ಮಮ್ಮ ಸಾಯಲಿ."

ಪ್ಲಂಬರ್ ಹೆಂಡತಿಯ ಕಡೆ ತಿರುಗಿದ. "ಕೇಳಿಸ್ಕೊಂಡ್ಯಾ? ಹೊಟ್ಟೆಯಲ್ಲಿ ಹುಟ್ಟಿದವಳು ಸಾಯಲಿ ಅಂತಾಳೆ. ಸಾಕುಮಗ ಸಾಕ್ತೀನಿ ಅಂತಾನೆ. ಯಾರಾದ್ರೂ ಕೇಳಿದ್ರೆ ಹೇಳು."

"ತೆಗೆಸ್ತೀನಿ ಅಂದ್ಯಲ್ಲೋ!"

"ಅಂದೆ. ಆಡಿದ ಮಾತು ವಾಪಸ್ ತಗೋಬಹುದು ಅಂತ ಈಗ ತಾನೆ ನೀನೇ ತೋರಿಸಿಕೊಟ್ಟೆ."

ಹೆಂಡತಿ ಒಳಗೆ ಹೋಗಿ ಪಾತ್ರೆ ಉಜ್ಜಲು ಕೂತಳು. ಅವಳಿಗೂ ಅದು ಅತಿಯಾಯಿತು ಅನ್ನಿಸಿತ್ತು. ಆದರೆ ನಾದಿನಿಯ ಬಾಯಿ ಮುಚ್ಚಿದ್ದನ್ನು ಅವಳು ಮೊದಲ ಸಲ ನೋಡಿದ್ದಳು, ಅದರ ರುಚಿಯೂ ಸಿಕ್ಕಿತ್ತು.

ಮಾರನೆಯ ದಿನ ತಂಗಿ ಹೊಲಿಗೆ ಕತ್ತರಿ ಚೀಲದಲ್ಲಿ ಹಾಕಿಕೊಂಡು ಹೋದಳು. ಬಿಳಿ ಟೇಪನ್ನು ಕತ್ತರಿಸಿ ಬಲಗೈಯ ಗವಸನ್ನು ಎಳೆದಳು. ಒಳಗೆ ಅಂಗೈ ಬಟ್ಟೆ ಒಗೆದವರ ಕೈಯ ಹಾಗೆ ಬಿಳಿಚಿಕೊಂಡು ಸುಕ್ಕಾಗಿತ್ತು, ಹುಳಿ ವಾಸನೆ. ಒದ್ದೆ ಬಟ್ಟೆ ತರಲು ಅವಳು ನಲ್ಲಿಯ ಕಡೆ ಹೋದಳು. ಬರುವಷ್ಟರಲ್ಲಿ ಮುದುಕಿ ಪೈಪು ಪೂರ್ತಿ ಎಳೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮೂಗಿನಿಂದ ಸೀರೆಗೆ ರಕ್ತ. ಮುಖದಲ್ಲಿ ಎಷ್ಟೋ ದಿನದ ಮೇಲೆ ಬಿಗಿ ಸಡಿಲಾಗಿತ್ತು.

ಡಾಕ್ಟರು ಪ್ಲಂಬರನಿಗೆ ಫೋನು ಮಾಡಿದರು. "ಈಗ ತಾನಾಗೇ ಆಚೆ ಬಂದಿದೆ. ಮತ್ತೆ ಹಾಕೋದು ಬೇಡ. ಕೈ ಮುಗಿದು ಕೇಳ್ತೀನಿ."

"ತಾನಾಗೇ ಬಂತಾ, ಯಾರಾದ್ರೂ ಬಿಚ್ಚಿದ್ರಾ?"

ಡಾಕ್ಟರು ಸುಳ್ಳು ಹೇಳಲಿಲ್ಲ. ಹೇಳಬಹುದಿತ್ತು.

ಮತ್ತೆ ಹಾಕಿದರು. ಇನ್ನು ಮುಂದೆ ತಂಗಿ ಒಬ್ಬಳೇ ಬಂದರೆ ಒಳಗೆ ಬಿಡಬೇಡಿ ಅಂತ ಪ್ಲಂಬರ್ ಬಾಗಿಲ ಕಾವಲಿನವನಿಗೂ ಹೇಳಿ ಬಂದ. ಅವಳು ಗೇಟಿನ ಆಚೆ ಬಸ್ಸಿನ ಹೊಗೆಯಲ್ಲಿ ನಿಂತು ಕಿಟಕಿ ನೋಡಿ ವಾಪಸಾಗುತ್ತಿದ್ದಳು. ಆ ಕಿಟಕಿ ಮುದುಕಿಯ ಕೋಣೆಯದಲ್ಲ, ಅಡುಗೆಮನೆಯದು.

ಒಂದು ಮಧ್ಯಾಹ್ನ ಪ್ಲಂಬರ್ ಯಾರದೋ ಮನೆಯ ಬಚ್ಚಲಲ್ಲಿ ಮಂಡಿಯೂರಿ ಕಟ್ಟಿಕೊಂಡ ಕೊಳವೆಗೆ ತಂತಿ ಬಿಡುತ್ತಿದ್ದಾಗ ಫೋನು ಬಂತು. ಹಾಕಿದ್ದೆಲ್ಲ ಮೇಲಕ್ಕೆ ಉಕ್ಕಿ ಎದೆಗೆ ಹೋಗಿತ್ತು. ಆಯಾ ಬೇರೆ ಮಂಚದ ಹತ್ತಿರ ಇದ್ದಳು. ಮುದುಕಿ ಸಾಯುವಾಗ ಕೈ ಹಿಡಿಯಲು ಯಾರೂ ಇರಲಿಲ್ಲ. ಇದ್ದಿದ್ದರೂ ಹಿಡಿಯಬೇಕಾದ್ದು ಕೈಗವಸನ್ನು.

ಎಲ್ಲ ಮುಗಿಸಿ ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಹೆಂಡತಿ ಮೊದಲು ಮಾಡಿದ ಕೆಲಸ, ಚೀಲದಿಂದ ಕೈಗವಸು ತೆಗೆದು ಸೋಪಿನ ನೀರಲ್ಲಿ ಅದ್ದಿದ್ದು.

"ಅದನ್ನ ಬಿಸಾಕಮ್ಮ" ಅಂದಳು ಹುಡುಗಿ.

"ಸ್ಟೋರಿಗೆ ವಾಪಸ್ ಕೊಡ್ಬೇಕು ಕಣೇ. ನನ್ನ ಹೆಸರಲ್ಲಿ ತಂದಿರೋದು."

ಹಿಂದುಗಡೆಯ ತಂತಿಗೆ ಸಿಕ್ಕಿಸಿದಳು. ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿದ್ದವು. ಎರಡರ ಅಂಗೈಯೂ ಮನೆಯ ಕಡೆಗಿತ್ತು.

ತಂಗಿ ಯಾರ ಜೊತೆಗೂ ಮಾತಾಡದೆ ಅನ್ನಕ್ಕಿಟ್ಟಳು, ಬೇಳೆ ಕುದಿಸಿದಳು. ತಟ್ಟೆ ಹಾಕಿದ್ದೂ ಅವಳೇ, ಬಡಿಸಲು ನಿಂತದ್ದೂ ಅವಳೇ. ಕೈಯಲ್ಲಿ ಇದ್ದದ್ದು ಸೌಟಮ್ಮನ ಕ್ಯಾಂಟೀನಿನ ಸೌಟು, ಉದ್ದ ಹಿಡಿಯದು.

"ಸಾಕು" ಅಂದ ಪ್ಲಂಬರ್.

ಇನ್ನೊಂದು ಸೌಟು ಬಿತ್ತು.

"ಸಾಕು ಕಣೇ."

ಅರ್ಧ ಸೌಟು ಬಿತ್ತು. ಅನ್ನ ತೇಲತೊಡಗಿತು. ಪ್ಲಂಬರ್ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ.

ತಂಗಿ ಪಾತ್ರೆಯ ತಳದಿಂದ ಸೌಟು ತುಂಬಿಸಿಕೊಂಡು ಬಂದು ಅವನ ಕೈಯ ಮೇಲೆ ಸುರಿದಳು. ಆತುರ ಮಾಡಲಿಲ್ಲ.

ಹುಡುಗಿ ಕಿರುಚಿದಳು. ಪ್ಲಂಬರನ ಕತ್ತಿನ ನರ ಉಬ್ಬಿತು, ಹಲ್ಲು ಕಚ್ಚಿದ. ಆದರೆ ಕೈ ತೆಗೆಯಲಿಲ್ಲ. ಬೆರಳ ಸಂದಿಯಿಂದ ಬೇಳೆ ಇಳಿದು ತಟ್ಟೆಗೆ ಹೋಗುತ್ತಿತ್ತು.

"ಏ ಹುಚ್ಚಿ, ಕೈ ಅಡ್ಡ ಇಟ್ಟಿದಾರಲ್ಲೇ!" ಅಂದಳು ಅತ್ತಿಗೆ.

"ಅವಳೂ ಇಟ್ಟಿದ್ಲು. ಮೊದಲು ಸರಿಸಿದೋಳು ನಾನು." ತಂಗಿ ಅಣ್ಣನ ಎದುರು ಕೂತಳು. ತನ್ನ ತಟ್ಟೆ ಎಳೆದುಕೊಂಡು ಅದರ ಮೇಲೆ ಅಂಗೈ ಚಾಚಿ, ಇನ್ನೊಂದು ಕೈಯಲ್ಲಿ ಸೌಟನ್ನು ಅವನ ಕಡೆ ತಳ್ಳಿದಳು. "ಹೂಂ. ಈಗ ನೀನು ಬಡಿಸು."

"ಅಪ್ಪಾ, ಸಾಕು" ಅಂದಳು ಹುಡುಗಿ.

ಪ್ಲಂಬರ್ ಸುಟ್ಟ ಕೈಯಲ್ಲೇ ಸೌಟು ಹಿಡಿದು ಪಾತ್ರೆಗೆ ಅದ್ದಿದ, ಅಂಚಿನವರೆಗೂ ತುಂಬಿಸಿದ.